ಹುಯೆ: ನದಿಗೆ ಎದುರಾಗಿ ಅರ್ಧ ದಿನ

ವಿಯೆಟ್ನಾಂನ ನಡುಭಾಗದಲ್ಲಿರುವ ಹುಯೆ ನಗರದಲ್ಲಿ ಅರ್ಧ ದಿನದ ಖಾಸಗಿ ಪ್ರವಾಸ ಬೇಕೆಂದು ಕೇಳಿದರೆ ಯಾರೇ ಆದರೂ ಮುಂದಿಡುವ ಪಟ್ಟಿ ಹೆಚ್ಚುಕಡಿಮೆ ಒಂದೇ ಆಗಿರುತ್ತದೆ: ಕೋಟೆಯೊಳಗಿನ ಅರಮನೆ, ಥಿಯೆನ್ ಮು ಪಗೋಡ, ಡ್ರ್ಯಾಗನ್ ಮುಖದ ದೋಣಿಯಲ್ಲಿ ಒಂದು ವಿಹಾರ, ಸಮಯ ಉಳಿದರೆ ಯಾವುದಾದರೂ ಒಬ್ಬ ಚಕ್ರವರ್ತಿಯ ಸಮಾಧಿ. ನೋಡಬೇಕಾದದ್ದೆಲ್ಲ ದಡದ ಮೇಲಿದೆ, ನದಿಯೇನಿದ್ದರೂ ನಡುನಡುವೆ ಕಾಲು ಚಾಚಿ ಕೂರುವ ಬಿಡುವು ಎಂಬ ಲೆಕ್ಕ ಈ ಪಟ್ಟಿಯ ಹಿಂದಿರುವುದು ಕಾಣುತ್ತದೆ. ಹುಯೆಯ ಮಟ್ಟಿಗೆ ಈ ಲೆಕ್ಕ ಸರಿಯಲ್ಲವೆಂದು ನನ್ನ ಅನಿಸಿಕೆ. ಅಲ್ಲಿ ರಾಜಧಾನಿಯನ್ನು ಕಟ್ಟಿದವರೇ ಸುಗಂಧ ನದಿಯನ್ನು ತಮ್ಮ ಕಟ್ಟಡದ ಒಂದು ಅಂಗವೆಂದು ಬಗೆದಿದ್ದರು. ಆ ನದಿ ಅವರ ಮಾತನ್ನು ಎಷ್ಟು ಕೇಳಿತು, ಎಷ್ಟು ಕೇಳಲಿಲ್ಲ ಎಂಬುದೇ ಆ ಊರಿನ ಕಥೆ. ಆ ಕಥೆ ತಿಳಿಯಬೇಕಾದರೆ ಅರಮನೆಯಿಂದ ಹೊರಟು ನೀರಿನ ಹರಿವಿಗೆ ಎದುರಾಗಿ ಮೇಲಕ್ಕೆ ಹೋಗುವುದು ಒಳ್ಳೆಯ ದಾರಿ.

ಖಾಸಗಿ ಪ್ರವಾಸವನ್ನು ನಾವು ಆರಿಸಿಕೊಂಡದ್ದು ಅಮ್ಮನ ಮೊಣಕಾಲಿನ ಕಾರಣದಿಂದ. ನಲವತ್ತು ಜನರ ಬಸ್ಸಿನಲ್ಲಿ ಬಾವುಟ ಹಿಡಿದವರ ಹಿಂದೆ ಓಡುವುದು ಎಪ್ಪತ್ತು ದಾಟಿದವರಿಗೆ ಆಗುವ ಕೆಲಸವಲ್ಲ. ಒಂದು ಕಾರು, ಒಬ್ಬ ಚಾಲಕ, ಇಂಗ್ಲಿಷ್ ಬಲ್ಲ ಒಬ್ಬ ಮಾರ್ಗದರ್ಶಿ, ಒಂದು ದೋಣಿ. ಬೆಳಿಗ್ಗೆ ಏಳಕ್ಕೆ ಆರಂಭ, ಊಟದ ಹೊತ್ತಿಗೆ ಮುಕ್ತಾಯ. ಮಾರ್ಗದರ್ಶಿ ಹುಯೆಯಲ್ಲೇ ಹುಟ್ಟಿ ಬೆಳೆದ ಯುವತಿ. ನಾನು ಕರೆಯುವುದನ್ನು ಕೇಳಿ ಅವರೂ ಅಮ್ಮನನ್ನು ‘ಅಮ್ಮ’ ಎಂದೇ ಕರೆಯತೊಡಗಿದರು. ಹೀಗೆ ಒಬ್ಬರೇ ಜೊತೆಗಿರುವ ಪ್ರವಾಸದಲ್ಲಿ ಇನ್ನೊಂದು ಅನುಕೂಲವಿದೆ. ಗುಂಪಿನಲ್ಲಿ ಕೇಳಲು ಸಂಕೋಚವಾಗುವ ಪ್ರಶ್ನೆಗಳನ್ನು ಕೇಳಬಹುದು, ಮತ್ತು ಯಾವ ಪ್ರಶ್ನೆಗೆ ಉತ್ತರ ಚಿಕ್ಕದಾಗುತ್ತದೆ ಎಂಬುದನ್ನು ಗಮನಿಸಬಹುದು.

ಹುಯೆ ನ್ಗುಯೆನ್ ವಂಶದ ರಾಜಧಾನಿಯಾಗಿದ್ದದ್ದು 1802ರಿಂದ 1945ರ ವರೆಗೆ. ದಶಕಗಳ ಅಂತರ್ಯುದ್ಧದ ಕೊನೆಯಲ್ಲಿ ಎದುರಾಳಿಗಳಾದ ತಾಯ್ ಸೋನ್ ಅರಸರನ್ನು ಸೋಲಿಸಿ, ಉತ್ತರ ದಕ್ಷಿಣಗಳನ್ನು ಒಂದುಗೂಡಿಸಿ, ಜಿಯಾ ಲಾಂಗ್ ಎಂಬ ಹೆಸರಿನಲ್ಲಿ ಪಟ್ಟವೇರಿದ ಮೊದಲ ಚಕ್ರವರ್ತಿ ಈ ಕೋಟೆಯ ನಕ್ಷೆಯನ್ನು ತಾನೇ ಮುಂದೆ ನಿಂತು ಮಾಡಿಸಿದ. ನೆಲ ಮತ್ತು ನೀರಿನ ಬಲವನ್ನು ಲೆಕ್ಕ ಹಾಕುವ ಚೀನೀ ಮೂಲದ ಶಾಸ್ತ್ರವೇ ಅದಕ್ಕೆ ಆಧಾರ. ಎದುರಿಗೆ ದೂರದಲ್ಲಿರುವ ನ್ಗು ಬಿನ್ ಗುಡ್ಡ ಕೆಟ್ಟದ್ದನ್ನು ತಡೆಯುವ ಪರದೆ; ನದಿಯ ನಡುವಿನ ಹೆನ್ ನಡುಗಡ್ಡೆ ಎಡಗಡೆ ಕಾಯುವ ನೀಲಿ ಡ್ರ್ಯಾಗನ್, ದಾ ವಿಯೆನ್ ನಡುಗಡ್ಡೆ ಬಲಗಡೆ ಕಾಯುವ ಬಿಳಿ ಹುಲಿ; ಮುಂದೆ ಬಾಗಿ ಹರಿಯುವ ಸುಗಂಧ ನದಿ ಸಂಪತ್ತನ್ನು ಹಿಡಿದಿಡುವ ನೀರು. ಶಾಸ್ತ್ರಕ್ಕೆ ಹೊಂದದ ನೀರನ್ನು ಮಾತ್ರ ಹಾಗೆಯೇ ಬಿಡಲಿಲ್ಲ. ನದಿಯ ಎರಡು ಕವಲುಗಳ ಪಾತ್ರವನ್ನು ಮುಚ್ಚಿ ತಿರುಗಿಸಿದರು, ಎಂಟು ಹಳ್ಳಿಗಳ ನೆಲವನ್ನು ಕೋಟೆಗೆ ಸೇರಿಸಿಕೊಂಡರು. 1805ರಲ್ಲಿ ಮೊದಲಾದ ಕೋಟೆಯ ಕೆಲಸ ಪೂರ್ತಿಯಾದದ್ದು ಅವನ ಮಗ ಮಿನ್ ಮಾಂಗ್‌ನ ಕಾಲದಲ್ಲಿ, 1832ರಲ್ಲಿ. ಸುತ್ತಳತೆ ಸುಮಾರು ಹತ್ತು ಕಿಲೋಮೀಟರು, ಹೊರಚಾಚಿದ ಕೊತ್ತಳಗಳು 24. ಶಾಸ್ತ್ರ ಚೀನಾದ್ದಾದರೂ ಗೋಡೆಯ ಕೋನಗಳು ಫ್ರಾನ್ಸಿನವು. ಹದಿನೇಳನೆಯ ಶತಮಾನದ ಫ್ರೆಂಚ್ ಸೇನಾ ಇಂಜಿನಿಯರ್ ವೊಬಾನ್‌ನ ಮಾದರಿಯಲ್ಲಿ, ಫಿರಂಗಿಗೆ ಕುರುಡು ಮೂಲೆಯೊಂದೂ ಉಳಿಯದಂತೆ, ಈ ಗೋಡೆಗಳನ್ನು ಹಾಕಿದ್ದಾರೆ. ಮುಂದೆ ಈ ಕೋಟೆಯನ್ನು ಹಿಡಿದವರು ಫ್ರೆಂಚರೇ ಎಂಬುದು ಇತಿಹಾಸದ ವ್ಯಂಗ್ಯ.

ಕೋಟೆಯೆಂದರೆ ಖಾಲಿ ಸ್ಮಾರಕವಲ್ಲ, ಒಳಗೆ ಊರೇ ಇದೆ. ಶಾಲೆಗಳು, ಕಾಫಿ ಅಂಗಡಿಗಳು, ಕಮಲದ ಕೊಳಗಳು, ಮನೆಗಳು. ಯುದ್ಧದ ವರ್ಷಗಳಲ್ಲಿ ಮತ್ತು ಆಮೇಲೆ ನೆಲೆ ಇಲ್ಲದ ಸಾವಿರಾರು ಕುಟುಂಬಗಳು ಗೋಡೆಯ ಮೇಲೆಯೇ, ಕಂದಕದ ಅಂಚಿನಲ್ಲೇ ಮನೆ ಕಟ್ಟಿಕೊಂಡಿದ್ದವು. 2019ರಿಂದ ಸರ್ಕಾರ ಅವರನ್ನು ಹೊಸ ಬಡಾವಣೆಗಳಿಗೆ ಸಾಗಿಸತೊಡಗಿತು. ಕಾರಿನಿಂದ ಇಳಿಯುವಾಗ ಮಾರ್ಗದರ್ಶಿ ಗೋಡೆಯ ಮೇಲಿನ ಹಸಿರು ಪಟ್ಟಿಯನ್ನು ತೋರಿಸಿ, ತನ್ನ ಸಹಪಾಠಿಗಳು ಅಲ್ಲಿಂದಲೇ ಶಾಲೆಗೆ ಬರುತ್ತಿದ್ದರೆಂದು ಹೇಳಿದರು. ಈಗ ಅಲ್ಲಿ ಹುಲ್ಲು ಬೆಳೆದಿದೆ. ಪಾರಂಪರಿಕ ತಾಣವೊಂದು ‘ಸ್ವಚ್ಛ’ವಾಗುವುದೆಂದರೆ ಯಾರದೋ ಅಡುಗೆಮನೆ ಅಲ್ಲಿಂದ ಹೋಗುವುದೆಂಬುದು ನಮ್ಮ ಹಂಪಿಯ ಬಜಾರಿನ ಬೀದಿಯನ್ನು 2011ರಲ್ಲಿ ತೆರವು ಮಾಡಿದ್ದನ್ನು ಕಂಡವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಕೋಟೆಯೊಳಗೆ ರಾಜನಗರ, ರಾಜನಗರದೊಳಗೆ ಚಕ್ರವರ್ತಿಯ ಮನೆವಾಳ್ತೆಗೆ ಮೀಸಲಾದ ನಿಷಿದ್ಧ ನಗರ. ಹೀಗೆ ಮೂರು ಆವರಣ. ರಾಜನಗರದ ದಕ್ಷಿಣ ಬಾಗಿಲಾದ ನ್ಗೊ ಮೊನ್ ಕಟ್ಟಿದ್ದು 1833ರಲ್ಲಿ. ಐದು ದಾರಿಗಳಿರುವ ಆ ದ್ವಾರದ ನಡುವಿನದು ಚಕ್ರವರ್ತಿಗೆ ಮಾತ್ರ. ದ್ವಾರದ ಮೇಲಿನ ಮಂಟಪದಲ್ಲಿ ನಿಂತರೆ ಎದುರಿಗೆ ಧ್ವಜಗೋಪುರ, ಅದರಾಚೆ ನದಿ, ಅದರಾಚೆ ಗುಡ್ಡ ಒಂದೇ ಗೆರೆಯಲ್ಲಿ ಕಾಣುವಂತೆ ಎಲ್ಲವನ್ನೂ ಜೋಡಿಸಿದ್ದಾರೆ. ವಂಶದ ಹದಿಮೂರನೆಯ ಮತ್ತು ಕೊನೆಯ ಚಕ್ರವರ್ತಿ ಬಾವೊ ದಾಯ್ 1945ರ ಆಗಸ್ಟ್ 30ರಂದು ಇದೇ ಮಂಟಪದಲ್ಲಿ ಪದತ್ಯಾಗದ ಘೋಷಣೆಯನ್ನು ಓದಿ, ರಾಜಮುದ್ರೆಯನ್ನೂ ಖಡ್ಗವನ್ನೂ ಕ್ರಾಂತಿಕಾರಿ ಸರ್ಕಾರದ ಪ್ರತಿನಿಧಿಗಳ ಕೈಗೆ ಒಪ್ಪಿಸಿದ. ಮೆಟ್ಟಿಲು ಹತ್ತಲಾರದ ಅಮ್ಮ ಕೆಳಗೆ ನೆರಳಿನಲ್ಲಿ ಕುಳಿತರು. ನಾನು ಮೇಲೆ ಹೋಗಿ ಆ ಗೆರೆಯನ್ನು ನೋಡಿ ಬಂದೆ. ನದಿಯು ಮರಗಳ ಹಿಂದೆ ತೆಳ್ಳಗೆ ಹೊಳೆಯುವಷ್ಟು ಮಾತ್ರ ಕಾಣುತ್ತಿತ್ತು. ಅಲ್ಲಿಂದ ನೋಡಿದರೆ ನದಿ ನಿಜವಾಗಿಯೂ ಅರಮನೆಯ ಅಂಗಳದ ಒಂದು ಅಂಚಿನಂತೆಯೇ ತೋರುತ್ತದೆ. ಅಷ್ಟರ ಮಟ್ಟಿಗೆ ನಕ್ಷೆ ಗೆದ್ದಿದೆ.

ಥಾಯ್ ಹ್ವಾ ಎಂಬ ಸಿಂಹಾಸನದ ಅರಮನೆ ಮೂರು ವರ್ಷಗಳ ದುರಸ್ತಿಯ ಬಳಿಕ 2024ರ ನವೆಂಬರಿನಲ್ಲಿ ಮತ್ತೆ ತೆರೆಯಿತು. ಕೆಂಪು ಮೆರುಗೆಣ್ಣೆಯ ಮೇಲೆ ಚಿನ್ನದ ಡ್ರ್ಯಾಗನ್ ಸುತ್ತಿಕೊಂಡ ಕಂಬಗಳು ಹೊಸದಾಗಿ ಹೊಳೆಯುತ್ತವೆ. ಮುಂದಿನ ಅಂಗಳದಲ್ಲಿ ಒಂಬತ್ತು ದರ್ಜೆಯ ಅಧಿಕಾರಿಗಳು ಎಲ್ಲೆಲ್ಲಿ ನಿಲ್ಲಬೇಕೆಂದು ತೋರಿಸುವ ಚಿಕ್ಕ ಕಲ್ಲುಗಳಿವೆ, ಒಂದು ಕಡೆ ಆಡಳಿತದವರು, ಇನ್ನೊಂದು ಕಡೆ ಸೇನೆಯವರು. 2025ರ ಮೇ ತಿಂಗಳಲ್ಲಿ ಒಬ್ಬ ಸಂದರ್ಶಕ ಒಳಗಿನ ತಡೆಯನ್ನು ದಾಟಿ ಸಿಂಹಾಸನವನ್ನೇರಿ ಅದರ ಕೈಯನ್ನು ಮುರಿದ. ಅದಾದ ಮೇಲೆ ಮೂಲ ಸಿಂಹಾಸನವನ್ನು ತೆಗೆದಿರಿಸಿ ಪ್ರತಿಕೃತಿಯನ್ನು ಅಲ್ಲಿಟ್ಟರು. ಇಲ್ಲಿ ಹೆಚ್ಚು ಹೊತ್ತು ನಿಲ್ಲುವ ಅಗತ್ಯವಿಲ್ಲ. ಗುಂಪುಗಳೆಲ್ಲ ಇಲ್ಲೇ ನಿಂತಿರುವಾಗ ಪಕ್ಕದ ದಾರಿ ಹಿಡಿದು ಪಶ್ಚಿಮದ ಕಡೆಗಿರುವ ಪಿತೃಗಳ ಗುಡಿಗೆ ಹೋಗಬೇಕು. ಹುಯೆಯ ಅರಮನೆಯಲ್ಲಿ ನಾನು ಒಂದೇ ವಸ್ತುವನ್ನು ನೋಡಬಹುದೆಂದರೆ ಆರಿಸಿಕೊಳ್ಳುವುದು ಆ ಗುಡಿಯ ಮುಂದೆ ಬಯಲಿನಲ್ಲಿ ನಿಂತಿರುವ ಒಂಬತ್ತು ಕಂಚಿನ ಪಾತ್ರೆಗಳನ್ನು.

ಮಿನ್ ಮಾಂಗ್ ಇವುಗಳ ಎರಕದ ಕೆಲಸವನ್ನು ಆರಂಭಿಸಿದ್ದು 1835ರಲ್ಲಿ. ಮೂರು ಕಾಲಿನ, ಎರಡು ಹಿಡಿಯ, ಆಳೆತ್ತರದ ಪಾತ್ರೆಗಳು; ಎಲ್ಲಕ್ಕಿಂತ ಮುಂದೆ ನಿಂತಿರುವ ಜಿಯಾ ಲಾಂಗ್‌ನ ಪಾತ್ರೆಯ ತೂಕ ಎರಡೂವರೆ ಟನ್ನಿಗೂ ಮಿಗಿಲು. ಒಂದೊಂದರ ಮೈಮೇಲೂ ದೇಶದ ಒಂದೊಂದು ತುಣುಕಿನ ಉಬ್ಬುಚಿತ್ರಗಳಿವೆ: ಸಮುದ್ರ, ಬೆಟ್ಟ, ನದಿ, ಕಾಲುವೆ, ಹಡಗು, ಫಿರಂಗಿ, ಹುಲಿ, ನವಿಲು, ಭತ್ತ, ನಕ್ಷತ್ರ. ಎಲ್ಲ ಸೇರಿ 162 ಅಚ್ಚುಗಳು. ಯುನೆಸ್ಕೋ 2024ರಲ್ಲಿ ಇವನ್ನು ಏಷ್ಯಾ ಪೆಸಿಫಿಕ್ ವಲಯದ ಜಗತ್ತಿನ ಸ್ಮರಣೆಯ ಪಟ್ಟಿಗೆ ಸೇರಿಸಿತು. ಅಮ್ಮ ಬೆಳೆದದ್ದು ಸಾಗರದ ಕಡೆಯ ಅಡಿಕೆ ತೋಟದಲ್ಲಿ. ಡ್ರ್ಯಾಗನ್ನುಗಳಿಗೆ ಅಷ್ಟೇನೂ ಮನಸೋಲದ ಅವರು ಈ ಪಾತ್ರೆಗಳ ಸುತ್ತ ಮಾತ್ರ ನಿಧಾನವಾಗಿ ಸುತ್ತು ಹಾಕಿ, ಹಲಸನ್ನು ಗುರುತಿಸಿ, ಅಡಿಕೆ ಮರವನ್ನು ಗುರುತಿಸಿ, ‘ಇಲ್ಲಿಯವರೂ ಅಡಿಕೆ ಬೆಳೆಯುತ್ತಾರೇನು, ಕೇಳು’ ಎಂದರು. ಬೆಳೆಯುತ್ತಾರೆ, ಹುಯೆಗೆ ಹತ್ತಿರದ ನಾಮ್ ಫೊ ಹಳ್ಳಿ ಅದಕ್ಕೆ ಹೆಸರುವಾಸಿ, ಮತ್ತು ವೀಳ್ಯವಿಲ್ಲದೆ ಅಲ್ಲಿ ಮದುವೆಯ ಮಾತುಕತೆ ಆರಂಭವಾಗುವುದಿಲ್ಲ.

ಮಿನ್ ಮಾಂಗ್ ತನ್ನ ಹೆಸರಿಗೆ ಮೀಸಲಿಟ್ಟ ಪಾತ್ರೆಯ ಮೇಲೆ ಇರುವುದು ಸುಗಂಧ ನದಿ ಮತ್ತು ನ್ಗು ಬಿನ್ ಗುಡ್ಡ. ಕೋಟೆಯ ನಕ್ಷೆಯಲ್ಲಿ ಸೇರಿಸಿಕೊಂಡದ್ದು ಸಾಲದೆಂಬಂತೆ ಅವುಗಳನ್ನು ಕಂಚಿನಲ್ಲಿಯೂ ಹಿಡಿದಿಟ್ಟ. ಜಿಯಾ ಲಾಂಗ್‌ನ ಪಾತ್ರೆಯ ಮೇಲಿರುವ ವಿನ್ ತೆ ಕಾಲುವೆಯನ್ನು ದಕ್ಷಿಣದ ಕಂಬೋಡಿಯಾ ಗಡಿಯುದ್ದಕ್ಕೂ 1819ರಿಂದ 1824ರ ವರೆಗೆ ವಿಯೆಟ್ನಾಮೀ ಮತ್ತು ಖ್ಮೇರ್ ಜನರ ಬಿಟ್ಟಿದುಡಿಮೆಯಿಂದ ತೋಡಿಸಲಾಗಿತ್ತು, ಸತ್ತವರು ಬಹಳ. ಅದರ ಅಲೆಗಳು ಮಾತ್ರ ಕಂಚಿನಲ್ಲಿ ಬಹಳ ಚೆಲುವಾಗಿವೆ. ಆಳುವವನು ತನ್ನ ರಾಜ್ಯವನ್ನು ಹೇಗೆ ನೋಡಲು ಬಯಸಿದ್ದನೆಂಬುದಕ್ಕೆ ಇಷ್ಟು ಸ್ಪಷ್ಟವಾದ ದಾಖಲೆಯನ್ನು ನಾನು ಬೇರೆಲ್ಲೂ ಕಂಡಿಲ್ಲ. ಅಲ್ಲಿ ಮನುಷ್ಯರ ಚಿತ್ರಗಳಿಲ್ಲ.

ಪಾತ್ರೆಗಳು ಉಳಿದವು, ಸುತ್ತಲಿನದು ಉಳಿಯಲಿಲ್ಲ. ನಿಷಿದ್ಧ ನಗರದ ಕಡೆ ಹೋದರೆ ಹೆಚ್ಚಿನ ಕಡೆ ಕಾಣುವುದು ಹುಲ್ಲು ಬೆಳೆದ ತಳಪಾಯಗಳೇ. 1947ರ ಫೆಬ್ರವರಿಯಲ್ಲಿ ಫ್ರೆಂಚರೊಡನೆ ನಡೆದ ಯುದ್ಧದಲ್ಲಿ ಒಳಗಿನ ಅರಮನೆಗಳು ಬೆಂಕಿಗೆ ಬಿದ್ದವು. ಉಳಿದದ್ದರ ಬಹುಭಾಗ ಹೋದದ್ದು 1968ರಲ್ಲಿ. ಆ ವರ್ಷದ ಜನವರಿ 31ರ ಮುಂಜಾವದಲ್ಲಿ, ಹೊಸ ವರ್ಷದ ತೆತ್ ಹಬ್ಬದ ಹೊತ್ತಿಗೆ, ಕಮ್ಯುನಿಸ್ಟ್ ಉತ್ತರ ವಿಯೆಟ್ನಾಂನ ಸೇನೆ ಮತ್ತು ಅದರ ಜೊತೆಗಿದ್ದ ದಕ್ಷಿಣದ ವಿಯೆಟ್‌ಕಾಂಗ್ ಗೆರಿಲ್ಲಾ ಪಡೆಗಳು ನಗರವನ್ನು ಹಿಡಿದು ಧ್ವಜಗೋಪುರದ ಮೇಲೆ ತಮ್ಮ ಬಾವುಟ ಹಾರಿಸಿದವು. ಸುಮಾರು ನಾಲ್ಕು ವಾರ ಗೋಡೆ ಗೋಡೆಗೂ ಕಾದಾಟ ನಡೆಯಿತು. ಅಮೆರಿಕದ ಮತ್ತು ದಕ್ಷಿಣ ವಿಯೆಟ್ನಾಂನ ಫಿರಂಗಿಗಳೂ ವಿಮಾನಗಳೂ ಕೋಟೆಯ ಮೇಲೆ ಬೆಂಕಿ ಸುರಿದವು. ನಗರವನ್ನು ಮರಳಿ ಹಿಡಿದ ಮೇಲೆ ಸುತ್ತಮುತ್ತ ಸಾಮೂಹಿಕ ಸಮಾಧಿಗಳು ಸಿಕ್ಕವು. ನಗರವನ್ನು ಹಿಡಿದಿದ್ದ ದಿನಗಳಲ್ಲಿ ಉತ್ತರದ ಕಡೆಯ ಪಡೆಗಳು ಕೊಂದ ನಾಗರಿಕರ ಸಂಖ್ಯೆ ಸಾವಿರಗಳಲ್ಲಿತ್ತು. ಬಾಂಬಿನ ವಿಷಯವನ್ನು ಕೇಳಿದಾಗ ನಮ್ಮ ಮಾರ್ಗದರ್ಶಿ ವಿವರವಾಗಿ ಹೇಳಿದರು. ಸಮಾಧಿಗಳ ವಿಷಯ ಕೇಳಿದಾಗ ‘ಯುದ್ಧದಲ್ಲಿ ಎಲ್ಲರೂ ಸತ್ತರು’ ಎಂದಷ್ಟೇ ಹೇಳಿ, ಅಮ್ಮನಿಗೆ ನೀರು ಬೇಕೇ ಎಂದು ಕೇಳಿದರು. ಆ ಚಿಕ್ಕ ಉತ್ತರಕ್ಕಾಗಿ ಅವರನ್ನು ದೂರುವಂತಿಲ್ಲ. ಪ್ರವಾಸಿಯಾದ ನಾನು ಮರುದಿನ ವಿಮಾನ ಹತ್ತುವವನು, ಅವರು ಉತ್ತರದ ಕಡೆಯವರೇ ಗೆದ್ದು ಆಳುತ್ತಿರುವ ಅದೇ ಊರಿನಲ್ಲಿ ಪರವಾನಗಿ ಇಟ್ಟುಕೊಂಡು ಬದುಕಬೇಕಾದವರು.

ಒಳಗಿನ ತುದಿಯಲ್ಲಿರುವ ಕಿಯೆನ್ ತ್ರುಂಗ್ ಅರಮನೆಯ ಬಗ್ಗೆ ಒಂದು ಮಾತು. ಖಾಯ್ ದಿನ್ ಚಕ್ರವರ್ತಿ 1920ರ ದಶಕದ ಆರಂಭದಲ್ಲಿ ಯುರೋಪಿನ ಮೋಹದಲ್ಲಿ ಕಟ್ಟಿಸಿದ ಇದು 1947ರಲ್ಲಿ ನೆಲಸಮವಾಗಿತ್ತು. ತಳಪಾಯ ಮತ್ತು ಹಳೆಯ ಛಾಯಾಚಿತ್ರಗಳ ಆಧಾರದ ಮೇಲೆ ಪೂರ್ತಿಯಾಗಿ ಮತ್ತೆ ಕಟ್ಟಿ 2024ರಲ್ಲಿ ಜನರಿಗೆ ತೆರೆದರು. ಪಿಂಗಾಣಿ ಚೂರುಗಳ ಕೆಲಸ ಕಣ್ಣು ಕೋರೈಸುತ್ತದೆ, ಛಾಯಾಚಿತ್ರಕ್ಕೆ ಇಲ್ಲಿ ಸಾಲು ನಿಲ್ಲುತ್ತದೆ. ಆದರೂ ಮೂವತ್ತು ವರ್ಷ ಕಳೆದು ಬರುವವರಿಗೆ ಇದು ಹೊಸದೆಂದು ಯಾರು ಹೇಳುತ್ತಾರೆ? ಹುಲ್ಲು ಬೆಳೆದ ತಳಪಾಯ ಕನಿಷ್ಠಪಕ್ಷ ತನಗೇನಾಯಿತೆಂಬುದನ್ನು ಮುಚ್ಚಿಡುವುದಿಲ್ಲ.

ಒಂಬತ್ತೂವರೆಯ ಹೊತ್ತಿಗೆ ನಾವು ದೋಣಿಯಲ್ಲಿದ್ದೆವು. ಹುಯೆಯ ಪ್ರವಾಸಿ ದೋಣಿಗಳ ಮುಂಭಾಗಕ್ಕೆ ತಗಡಿನ ಡ್ರ್ಯಾಗನ್ ತಲೆಗಳಿರುತ್ತವೆ, ಒಳಗೆ ಪ್ಲಾಸ್ಟಿಕ್ ಕುರ್ಚಿಗಳು. ಇಂಜಿನ್ನಿನ ಸದ್ದಿನಲ್ಲಿ ಮಾತಾಡಲು ಕೂಗಬೇಕು. ಗಂಡ ಚುಕ್ಕಾಣಿ ಹಿಡಿದಿದ್ದ, ಹೆಂಡತಿ ನಿಧಾನವಾಗಿ ಒಂದೊಂದೇ ರೇಷ್ಮೆ ಬಟ್ಟೆ, ಬೀಸಣಿಗೆ, ಎದ್ದುನಿಲ್ಲುವ ಕಾಗದದ ಚಿತ್ರಗಳನ್ನು ನಮ್ಮ ಮುಂದೆ ಹರಡಿದಳು. ಪ್ರವಾಸ ಕಥನಗಳಲ್ಲಿ ಈ ಮಾರಾಟವನ್ನು ಕಿರಿಕಿರಿಯೆಂದು ಬರೆಯುವ ರೂಢಿಯಿದೆ. ಈ ದೋಣಿಯವರಲ್ಲಿ ಹಲವರು ತಲೆಮಾರುಗಳ ಕಾಲ ನೀರಿನ ಮೇಲೆಯೇ ಹುಟ್ಟಿ, ಮದುವೆಯಾಗಿ, ಸತ್ತವರ ಮಕ್ಕಳು. ಮೀನು ಹಿಡಿಯುವುದು ಮತ್ತು ನದಿತಳದ ಮರಳನ್ನು ಮೇಲೆತ್ತುವುದು ಅವರ ಹಳೆಯ ಕಸುಬು. ಅವರನ್ನು ಹಂತಹಂತವಾಗಿ ದಡದ ಮೇಲಿನ ಮನೆಗಳಿಗೆ ಸಾಗಿಸಿದ ಮೇಲೆ ಮಕ್ಕಳಿಗೆ ಶಾಲೆ ಸಿಕ್ಕಿತು, ಮಳೆಗಾಲದ ಪ್ರವಾಹದ ಭಯ ತಪ್ಪಿತು, ಕಸುಬಿನಿಂದ ಮನೆ ದೂರವಾಯಿತು. 1999ರ ನವೆಂಬರಿನ ಮಹಾಪ್ರವಾಹದಲ್ಲಿ ನಗರವೇ ಮುಳುಗಿದ್ದನ್ನು ನೆನೆದರೆ ಈ ಸ್ಥಳಾಂತರವನ್ನು ಸುಲಭವಾಗಿ ಟೀಕಿಸಲಾಗದು. ಅಮ್ಮ ಎರಡು ಬೀಸಣಿಗೆ ಕೊಂಡು, ಚೌಕಾಸಿ ಮಾಡದೆ ಹಣ ಕೊಟ್ಟರು. ಎಲ್ಲೆಡೆ ಚೌಕಾಸಿ ಮಾಡುವ ಅವರ ಮಟ್ಟಿಗೆ ಇದು ದಾಖಲೆಯೇ.

ದೋಣಿ ಎದುರು ಪ್ರವಾಹದಲ್ಲಿ ಸಾಗುವಾಗ ಬಲಗಡೆ ಕೋಟೆಯ ಗೋಡೆ ಮತ್ತು ಧ್ವಜಗೋಪುರ, ಎಡಗಡೆ ಫ್ರೆಂಚರು ಕಟ್ಟಿದ ಹೊಸ ಊರು. ಎಡದಡದ ಬೀದಿಯಲ್ಲೇ 1896ರಲ್ಲಿ ಸ್ಥಾಪನೆಯಾದ ಕ್ವೊಕ್ ಹೊಕ್ ಶಾಲೆಯಿದೆ. ವಸಾಹತು ಆಡಳಿತಕ್ಕೆ ನೌಕರರನ್ನು ತಯಾರಿಸಲೆಂದು ತೆರೆದ ಆ ಶಾಲೆಯಲ್ಲಿ ಓದಿದವರ ಪೈಕಿ ಹೊ ಚಿ ಮಿನ್ ಒಬ್ಬರು, ಫ್ರೆಂಚರನ್ನು ದಿಯೆನ್ ಬಿಯೆನ್ ಫುನಲ್ಲಿ ಸೋಲಿಸಿದ ಸೇನಾಪತಿ ವೊ ನ್ಗುಯೆನ್ ಜಾಪ್ ಇನ್ನೊಬ್ಬರು. ದಾ ವಿಯೆನ್ ನಡುಗಡ್ಡೆಯನ್ನು ದಾಟಿದ ಮೇಲೆ ಊರು ತೆಳುವಾಗುತ್ತದೆ. ಚಕ್ರವರ್ತಿಯ ಬಿಳಿ ಹುಲಿಯ ಮೇಲೆ ಈಗ ರೈಲುಸೇತುವೆ ಹಾದುಹೋಗಿದೆ.

ಮುಂದೆ ಎಡದಡದ ಒಳಗೆ, ದೋಣಿಯಿಂದ ಕಾಣದಂತೆ, 1830ರಲ್ಲಿ ಮಿನ್ ಮಾಂಗ್ ಕಟ್ಟಿಸಿದ ದುಂಡನೆಯ ಅಖಾಡವೊಂದಿದೆ. ಅಲ್ಲಿ ಆನೆ ಮತ್ತು ಹುಲಿಗಳ ಕಾಳಗ ನಡೆಸುತ್ತಿದ್ದರು. ಆನೆ ರಾಜಶಕ್ತಿಯ ಸಂಕೇತ, ಹುಲಿ ದಂಗೆಕೋರರ ಸಂಕೇತ. ಆದ್ದರಿಂದ ಹುಲಿ ಸೋಲಲೇಬೇಕು, ಅದಕ್ಕಾಗಿ ಮೊದಲೇ ಅದರ ಉಗುರು ಹಲ್ಲುಗಳನ್ನು ಕೀಳುತ್ತಿದ್ದರು. ಕೊನೆಯ ಕಾಳಗ ನಡೆದದ್ದು 1904ರಲ್ಲಿ. ಅಷ್ಟರಲ್ಲಿ ಆನೆಯ ಕಡೆಯವರೇ ಫ್ರೆಂಚರ ಕೈಗೊಂಬೆಗಳಾಗಿದ್ದರು. ಅರ್ಧ ದಿನದ ಪಟ್ಟಿಗಳಲ್ಲಿ ಈ ಅಖಾಡ ಸಾಮಾನ್ಯವಾಗಿ ಇರುವುದಿಲ್ಲ. ಕಾರಿನಲ್ಲಿ ಹೋಗುವವರು ಕೇಳಿಕೊಂಡು ನೋಡಬಹುದು.

ಥಿಯೆನ್ ಮು ಪಗೋಡ ನದಿಯ ತಿರುವಿನಲ್ಲಿ ಒಂದು ದಿಬ್ಬದ ಮೇಲಿದೆ. ಏಳು ಅಂತಸ್ತಿನ, ಎಂಟು ಮೂಲೆಯ, ಇಪ್ಪತ್ತೊಂದು ಮೀಟರ್ ಎತ್ತರದ ಗೋಪುರ ದೋಣಿಗೆ ಬಹಳ ಮೊದಲೇ ಕಾಣಿಸಿಕೊಳ್ಳುತ್ತದೆ. ಗೋಪುರ 1844ರದ್ದು, ಪಗೋಡ ಅದಕ್ಕಿಂತ ಎಷ್ಟೋ ಹಳೆಯದು. ಈ ದಿಬ್ಬದ ಮೇಲೆ ಮುದುಕಿಯೊಬ್ಬಳು ಕಾಣಿಸಿಕೊಂಡು, ಒಬ್ಬ ಒಡೆಯ ಬಂದು ಇಲ್ಲಿ ಗುಡಿ ಕಟ್ಟಿ ನಾಡಿನ ಬಲವನ್ನು ಒಟ್ಟುಮಾಡುವನೆಂದು ಹೇಳಿದ್ದಳಂತೆ. ಅದನ್ನು ಕೇಳಿದ ನ್ಗುಯೆನ್ ಹೋವಾಂಗ್, ಮುಂದೆ ಚಕ್ರವರ್ತಿಗಳಾದವರ ಪೂರ್ವಜ, 1601ರಲ್ಲಿ ಪಗೋಡವನ್ನು ಕಟ್ಟಿಸಿದ. ಸ್ಥಳೀಯರ ದೈವದ ಮಾತನ್ನು ಹೊರಗಿನಿಂದ ಬಂದ ಒಡೆಯ ತನ್ನ ಅಧಿಕಾರಕ್ಕೆ ಸಾಕ್ಷಿಯಾಗಿಸಿಕೊಂಡ ಕಥೆಯಿದು. ಅಲ್ಲಿಗೆ ಪಗೋಡವೂ ಅರಮನೆಯ ಕೆಲಸವನ್ನೇ ಮಾಡಿತು. 1710ರಲ್ಲಿ ಎರಕಹೊಯ್ದ ಎರಡು ಟನ್ ತೂಕದ ಗಂಟೆ, ಆಮೆಯ ಬೆನ್ನಿನ ಮೇಲೆ ನಿಂತ 1715ರ ಶಾಸನಕಲ್ಲು ಎಲ್ಲವೂ ಒಡೆಯರ ಕೊಡುಗೆಗಳೇ.

ಇಪ್ಪತ್ತನೆಯ ಶತಮಾನದಲ್ಲಿ ಆ ನಂಟು ಕಡಿಯಿತು. 1963ರಲ್ಲಿ ದಕ್ಷಿಣ ವಿಯೆಟ್ನಾಂನ ಅಧ್ಯಕ್ಷನಾಗಿದ್ದ ನ್ಗೊ ದಿನ್ ಜಿಯೆಮ್‌ನದು ಕ್ಯಾಥೊಲಿಕ್ ಮನೆತನ, ಹುಯೆಯದೇ. ಅಣ್ಣ ಅಲ್ಲಿನ ಆರ್ಚ್‌ಬಿಷಪ್, ತಮ್ಮನೊಬ್ಬ ಆ ಭಾಗದ ಅನಧಿಕೃತ ದೊರೆ. ಬುದ್ಧ ಪೂರ್ಣಿಮೆಗೆ ಬೌದ್ಧ ಧ್ವಜ ಹಾರಿಸಬಾರದೆಂಬ ಆಜ್ಞೆಯನ್ನು ಪ್ರತಿಭಟಿಸಿ ಮೇ 8ರಂದು ಹುಯೆಯ ಬಾನುಲಿ ಕೇಂದ್ರದ ಮುಂದೆ ಸೇರಿದ ಜನರ ಮೇಲೆ ಸೇನೆ ಎರಗಿತು. ಸತ್ತವರಲ್ಲಿ ಮಕ್ಕಳೂ ಇದ್ದರು. ತಿಂಗಳ ಬಳಿಕ, ಜೂನ್ 11ರಂದು, ತಿಕ್ ಕ್ವಾಂಗ್ ದುಕ್ ಎಂಬ ಹಿರಿಯ ಭಿಕ್ಷು ಸೈಗಾನಿನ ನಾಲ್ಕುರಸ್ತೆಯೊಂದರಲ್ಲಿ ಪದ್ಮಾಸನ ಹಾಕಿ ಕುಳಿತು, ಮೈಗೆ ಪೆಟ್ರೋಲು ಸುರಿಸಿಕೊಂಡು ಬೆಂಕಿ ಹಚ್ಚಿಕೊಂಡರು. ಅವರನ್ನು ಅಲ್ಲಿಗೆ ಕರೆತಂದ ನೀಲಿ ಬಣ್ಣದ ಆಸ್ಟಿನ್ ಕಾರು ಥಿಯೆನ್ ಮು ಪಗೋಡದ ಹಿತ್ತಿಲಿನ ಶೆಡ್ಡಿನಲ್ಲಿದೆ. ಕಾರಿನ ಹಿಂದೆ ಆ ಜಗತ್ಪ್ರಸಿದ್ಧ ಛಾಯಾಚಿತ್ರ ತೂಗುಹಾಕಿದ್ದಾರೆ. ಅಮ್ಮ ಅದನ್ನು ಒಮ್ಮೆ ನೋಡಿ ಹೊರಗೆ ಬಂದುಬಿಟ್ಟರು. ಪಕ್ಕದಲ್ಲೇ ತಲೆ ಬೋಳಿಸಿ ಮುಂದೆ ಮಾತ್ರ ಜುಟ್ಟು ಬಿಟ್ಟ ಎಳೆಯ ಶ್ರಾಮಣೇರರು, ಅಂದರೆ ಭಿಕ್ಷುಗಳಾಗಲು ಕಲಿಯುತ್ತಿರುವ ಹುಡುಗರು, ಪಾತ್ರೆ ತೊಳೆಯುತ್ತಿದ್ದರು.

ಇಲ್ಲಿಂದ ಹೆಚ್ಚಿನ ದೋಣಿಗಳು ಹಿಂದಿರುಗುತ್ತವೆ. ನಾವು ಮೊದಲೇ ಮಾತಾಡಿಕೊಂಡಿದ್ದರಿಂದ ಇನ್ನೂ ಮೇಲಕ್ಕೆ, ಹೋನ್ ಚೆನ್ ಗುಡಿಯ ತನಕ ಹೋದೆವು. ಅರ್ಧ ದಿನದಲ್ಲಿ ಇದನ್ನು ಸೇರಿಸಬೇಕಾದರೆ ಎರಡನೆಯ ಸಮಾಧಿಯ ಆಸೆಯನ್ನು ಬಿಡಬೇಕಾಗುತ್ತದೆ, ಬಿಡುವುದೇ ಲೇಸು. ನದಿ ಇಲ್ಲಿ ಅಗಲವಾಗಿ, ಹಸಿರಾಗಿ, ಸದ್ದಿಲ್ಲದೆ ಇದೆ. ನೀರಿನಿಂದ ನೇರವಾಗಿ ಮೇಲೆದ್ದ ಗುಡ್ಡದ ಮರಗಳ ನಡುವೆ ಗುಡಿಯ ಛಾವಣಿಗಳು, ದೋಣಿಯಿಂದ ಇಳಿದರೆ ಮೆಟ್ಟಿಲುಗಳು. ಇಲ್ಲಿನ ದೇವಿಗೆ ಥಿಯೆನ್ ಇ ಆ ನಾ ಎಂದು ಹೆಸರು. ಮೂಲದಲ್ಲಿ ಅವಳು ಚಾಮ್ ಜನರ ನಾಡತಾಯಿ ಪೊ ನಗರ್. ಈ ನೆಲ 1306ರ ವರೆಗೆ ಚಾಮ್ ಜನರ ಚಂಪಾ ರಾಜ್ಯದ್ದು. ಚಾಮ್ ಅರಸ ಮೂರನೆಯ ಜಯಸಿಂಹವರ್ಮನ್ ವಿಯೆಟ್ನಾಂನ ರಾಜಕುಮಾರಿ ಹುಯೆನ್ ತ್ರಾನ್‌ಳನ್ನು ಮದುವೆಯಾಗಲು ಕನ್ಯಾಶುಲ್ಕವಾಗಿ ಎರಡು ಪ್ರಾಂತ್ಯಗಳನ್ನು ಬಿಟ್ಟುಕೊಟ್ಟ. ಹುಯೆ ಬೆಳೆದದ್ದು ಆ ನೆಲದ ಮೇಲೆ. ನೆಲ ಕೈಬದಲಾಯಿತು, ದೇವಿ ಹೋಗಲಿಲ್ಲ. ಹೊಸದಾಗಿ ಬಂದ ವಿಯೆಟ್ನಾಮೀ ರೈತರು ಅವಳಿಗೆ ತಮ್ಮ ಭಾಷೆಯಲ್ಲಿ ಹೆಸರಿಟ್ಟು, ತಮ್ಮ ಮಾತೃದೇವತೆಗಳ ಸಾಲಿನಲ್ಲಿ ಸೇರಿಸಿಕೊಂಡರು.

ಕನ್ನಡದವರಿಗೆ ಇಲ್ಲೊಂದು ನಿಜವಾದ ನಂಟಿದೆ, ಅದನ್ನು ಎಳೆದು ತರಬೇಕಾಗಿಲ್ಲ. ದಕ್ಷಿಣದ ನ್ಯಾ ಚಾಂಗ್ ನಗರದಲ್ಲಿರುವ ಪೊ ನಗರ್ ದೇಗುಲದ ಸಂಸ್ಕೃತ ಶಾಸನಗಳು ಇದೇ ದೇವಿಯನ್ನು ಭಗವತಿ ಎಂದು ಕರೆಯುತ್ತವೆ. ಅದನ್ನು ಹೇಳಿದ್ದೇ ತಡ, ಅರಮನೆಯ ದ್ವಾರ ಹತ್ತದ ಅಮ್ಮ ಮೊಣಕಾಲಿನ ನೋವನ್ನು ಬದಿಗಿಟ್ಟು, ನನ್ನ ಹೆಗಲು ಹಿಡಿದು, ಎರಡೆರಡು ಮೆಟ್ಟಿಲಿಗೊಮ್ಮೆ ನಿಂತು ಮೇಲೆ ಬಂದರು. ಕೆಂಪು ದಾರಿದೀಪ, ಕಾಗದದ ಹಡಗು, ಹಣ್ಣಿನ ತಟ್ಟೆ, ಊದುಬತ್ತಿಯ ಹೊಗೆ. ಮೂರು ಕಡ್ಡಿಗಳನ್ನು ಹಣೆಗೆ ಮುಟ್ಟಿಸಿ ಮರಳಿನ ಪಾತ್ರೆಯಲ್ಲಿ ಹೇಗೆ ನಿಲ್ಲಿಸಬೇಕೆಂದು ಮಾರ್ಗದರ್ಶಿ ತೋರಿಸಿಕೊಟ್ಟರು. ಚಾಂದ್ರಮಾನದ ಮೂರನೆಯ ಮತ್ತು ಏಳನೆಯ ತಿಂಗಳುಗಳಲ್ಲಿ ಇಲ್ಲಿ ಉತ್ಸವ. ಆಗ ಅಲಂಕರಿಸಿದ ದೋಣಿಗಳ ಮೆರವಣಿಗೆ ನದಿ ತುಂಬಾ ಬರುತ್ತದೆ, ದೇವಿ ಮೈಮೇಲೆ ಬಂದವರು ಕುಣಿಯುತ್ತಾರೆ. ಕನ್ಫ್ಯೂಶಿಯಸ್‌ನ ನೀತಿಯಲ್ಲಿ ಪಳಗಿದ ಆಸ್ಥಾನಕ್ಕೆ ಮೈಮೇಲೆ ಬರುವುದೆಂದರೆ ತಿರಸ್ಕಾರ. ಆದರೂ 1886ರಲ್ಲಿ ದೊಂಗ್ ಖಾನ್ ಚಕ್ರವರ್ತಿ ಈ ಗುಡಿಯನ್ನು ಜೀರ್ಣೋದ್ಧಾರ ಮಾಡಿಸಿ, ತನ್ನನ್ನು ದೇವಿಯ ಶಿಷ್ಯನೆಂದು ಕರೆದುಕೊಂಡ. ಹಿಂದಿನ ವರ್ಷವಷ್ಟೇ ಫ್ರೆಂಚರು ಅವನನ್ನು ಪಟ್ಟಕ್ಕೆ ಕೂರಿಸಿದ್ದರು; ಅವನ ಮಾತು ಕೇಳುವವರು ಅರಮನೆಯಲ್ಲಿ ಹೆಚ್ಚು ಜನ ಇರಲಿಲ್ಲ.

ಕಾರು ಎದುರು ದಡದಲ್ಲಿ ಕಾದಿತ್ತು. ಅಲ್ಲಿಂದ ಪೈನ್ ಮರಗಳ ನಡುವಿನ ದಾರಿಯಲ್ಲಿ ತು ದುಕ್ ಚಕ್ರವರ್ತಿಯ ಸಮಾಧಿ. ಖಾಯ್ ದಿನ್‌ನ ಸಮಾಧಿಯನ್ನು ನೋಡದೆ ಇದನ್ನು ಆರಿಸಿಕೊಂಡದ್ದಕ್ಕೆ ಮಾರ್ಗದರ್ಶಿಗೆ ಸ್ವಲ್ಪ ಅಚ್ಚರಿ. ಯುವಕರಿಗೆಲ್ಲ ಆ 127 ಮೆಟ್ಟಿಲಿನ ಸಿಮೆಂಟು ವೈಭವವೇ ಇಷ್ಟವಂತೆ. ತು ದುಕ್ 1847ರಿಂದ 1883ರ ವರೆಗೆ ಆಳಿದ. ವಂಶದಲ್ಲಿ ಅಷ್ಟು ದೀರ್ಘಕಾಲ ಆಳಿದವರು ಬೇರಿಲ್ಲ. 1864ರಿಂದ ಮೂರು ವರ್ಷ ಕಟ್ಟಿಸಿದ ಈ ಸಮಾಧಿಯ ಆವರಣದಲ್ಲಿ ಅವನು ಬದುಕಿರುವಾಗಲೇ ವಾಸಿಸುತ್ತ, ಕೊಳದ ಮೇಲಿನ ಮರದ ಮಂಟಪದಲ್ಲಿ ಕವಿತೆ ಬರೆಯುತ್ತ ಕಾಲ ಕಳೆದ. ಹೊರಗೆ ಆಗುತ್ತಿದ್ದುದೇ ಬೇರೆ. 1862ರಲ್ಲಿ ದಕ್ಷಿಣದ ಮೂರು ಪ್ರಾಂತ್ಯಗಳು ಫ್ರೆಂಚರ ಪಾಲಾಗಿದ್ದವು, 1867ರಲ್ಲಿ ಇನ್ನೂ ಮೂರು. ಸಮಾಧಿಯ ದುಡಿಮೆ ತಾಳಲಾರದೆ 1866ರಲ್ಲಿ ಕೂಲಿಗಳು ಸುಣ್ಣ ಅರೆಯುವ ಒನಕೆಗಳನ್ನೇ ಆಯುಧ ಮಾಡಿಕೊಂಡು ಅರಮನೆಗೆ ನುಗ್ಗಿದರು. ದಂಗೆಯನ್ನು ಅಡಗಿಸಲಾಯಿತು. ಗೋಡೆಗೆ ಸೈನಿಕರ ಎಲುಬು, ಕಂದಕಕ್ಕೆ ಜನರ ರಕ್ತ ಎಂಬರ್ಥದ ಹಾಡು ಜನರ ಬಾಯಲ್ಲಿ ಉಳಿಯಿತು.

ಆವರಣದ ಒಳಗೆ ಸುಮಾರು ಇಪ್ಪತ್ತು ಟನ್ ತೂಕದ ಶಾಸನಕಲ್ಲೊಂದಿದೆ. ತಂದೆಯ ಗುಣಗಾನವನ್ನು ಮಗ ಬರೆಸುವುದು ಪದ್ಧತಿ. ಸಿಡುಬಿನಿಂದ ನರಳಿದ್ದ ತು ದುಕ್‌ಗೆ ನೂರಕ್ಕೂ ಹೆಚ್ಚು ಮಡದಿಯರಿದ್ದರೂ ಮಕ್ಕಳಿರಲಿಲ್ಲ, ಆದ್ದರಿಂದ ತನ್ನ ಶಾಸನವನ್ನು ತಾನೇ ಬರೆದ. ಕಾಯಿಲೆಯ ಬಗ್ಗೆ, ಕಳೆದುಕೊಂಡ ನೆಲದ ಬಗ್ಗೆ, ತನ್ನ ತಪ್ಪುಗಳ ಬಗ್ಗೆ ಅದರಲ್ಲಿ ಹೇಳಿಕೊಂಡಿದ್ದಾನೆ. ಅದನ್ನು ಪ್ರಾಮಾಣಿಕತೆಯೆಂದು ಮೆಚ್ಚುವವರಿದ್ದಾರೆ. ನನಗೆ ಅಷ್ಟು ಸುಲಭವಾಗಿ ಮೆಚ್ಚಲಾಗಲಿಲ್ಲ. ತಪ್ಪೊಪ್ಪಿಗೆಯನ್ನು ಕೆತ್ತಲು ಇಷ್ಟು ದೊಡ್ಡ ಕಲ್ಲನ್ನು ದೂರದಿಂದ ಎಳೆಸಿ ತಂದವನಿಗೆ ಕೂಲಿಗಳ ಒನಕೆಯ ಏಟು ಪೂರ್ತಿ ತಗುಲಿರಲಿಲ್ಲವೆಂದೇ ತೋರುತ್ತದೆ. ಅವನು ಸತ್ತದ್ದು 1883ರ ಜುಲೈಯಲ್ಲಿ. ಮುಂದಿನ ತಿಂಗಳೇ ಫ್ರೆಂಚ್ ಯುದ್ಧನೌಕೆಗಳು ಸುಗಂಧ ನದಿಯ ಮುಖಭಾಗದ ಥುವಾನ್ ಆನ್ ಕೋಟೆಗಳನ್ನು ಪುಡಿಮಾಡಿದವು, ವಾರದೊಳಗೆ ಆಸ್ಥಾನ ರಕ್ಷಿತ ರಾಜ್ಯದ ಒಪ್ಪಂದಕ್ಕೆ ಸಹಿ ಹಾಕಿತು. ಸಂಪತ್ತನ್ನು ಹಿಡಿದಿಡಬೇಕಾದ ನೀರೇ ಶತ್ರುವಿಗೆ ದಾರಿಯಾಯಿತು.

ಎರಡು ವರ್ಷ ಕಳೆದು, 1885ರ ಜುಲೈ 5ರ ಬೆಳಗಿನ ಜಾವ, ಹುಯೆಯ ಸೇನೆ ಫ್ರೆಂಚರ ಮೇಲೆ ಎರಗಿ ಸೋತಿತು. ಕೋಟೆ ಲೂಟಿಯಾಯಿತು, ಗೋಡೆಗಳ ನಡುವೆ ಸಿಕ್ಕಿಬಿದ್ದ ಜನ ಗುಂಡಿಗೂ ಕಾಲ್ತುಳಿತಕ್ಕೂ ಸಿಕ್ಕಿ ಸತ್ತರು. ಚಾಂದ್ರಮಾನದ ಐದನೆಯ ತಿಂಗಳ ಇಪ್ಪತ್ತಮೂರನೆಯ ದಿನ ಅದು. ಇಂದಿಗೂ ಆ ದಿನದ ಆಸುಪಾಸಿನಲ್ಲಿ ಹುಯೆಯ ಮನೆಗಳ ಮುಂದೆ, ಓಣಿಗಳ ತುದಿಯಲ್ಲಿ ಜನ ಮೇಜು ಹಾಕಿ, ಹೆಸರು ಗೊತ್ತಿಲ್ಲದ ಆ ಸತ್ತವರಿಗೆಲ್ಲ ಅನ್ನ, ಉಪ್ಪು, ನೀರು ಇಡುತ್ತಾರೆ. ಇದನ್ನು ನಮಗೆ ಹೇಳಿದ್ದು ಮಾರ್ಗದರ್ಶಿ, ಸಮಾಧಿಯಿಂದ ಹೊರಬಂದ ಮೇಲೆ, ಸಸ್ಯಾಹಾರದ ಚಿಕ್ಕ ಹೋಟೆಲೊಂದರಲ್ಲಿ ಊಟಕ್ಕೆ ಕುಳಿತಾಗ. ಅವರ ಮನೆಯಲ್ಲೂ ಇಡುತ್ತಾರಂತೆ. 1885ರವರಿಗೆ ಮಾತ್ರವೇ ಎಂದು ಅಮ್ಮ ಕೇಳಿದರು. ಹಸಿದು ಬಂದವರಲ್ಲಿ ಯಾರು ಯಾವ ವರ್ಷದವರೆಂದು ವಿಚಾರಿಸುವುದಿಲ್ಲ, ಬೆಳಿಗ್ಗೆ ನೀವು ಕೇಳಿದವರಿಗೂ ಅದರಲ್ಲಿ ಪಾಲಿದೆ ಎಂದು ಮಾರ್ಗದರ್ಶಿ ನನ್ನ ಕಡೆ ತಿರುಗಿ ಉತ್ತರ ಕೊಟ್ಟರು.